ಎಮ್ಮೆ ಕೂಗುವ ಕಾರ್ಡು

"ಗುರುಗಳೇ, ಕೆಟ್ಟ ಗುಣ ಇಟ್ಟುಕೊಂಡೇ ಪ್ರೀತಿಯವರ ಮುಂದೆ ಹೋಗಿ ನಿಲ್ಲುವುದು ಸರಿಯೇ?" ಎಂದು ಪ್ರಭುಲಿಂಗ ಕೇಳಿದ.

ಅವನು ಮಠಕ್ಕೆ ಬಂದದ್ದೇ ಸಿಟ್ಟನ್ನು ಗೆಲ್ಲಬೇಕೆಂದು. ಹೆತ್ತವರಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಒಂದು ದಿನ ಅವಳಿಗೆ ಆಡಬಾರದ ಮಾತು ಆಡಿ ಮನೆ ಬಿಟ್ಟಿದ್ದ. ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದಾಳೆ. ಸಿಟ್ಟು ಬೇರುಸಹಿತ ಹೋಗಿ, ತಾನು ಬೇರೆಯೇ ಮನುಷ್ಯನಾದ ಮೇಲೆ ಹೋಗುತ್ತೇನೆ ಎಂಬುದು ಇವನ ಹಟ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೋ ರಿಪೇರಿಯವನಿದ್ದ. ಅವನಿಗೊಬ್ಬ ತಮ್ಮ. ಇಬ್ಬರೂ ಚಿಕ್ಕವರಿದ್ದಾಗ ಅವರ ಮನೆಗೆ ಒಂದು ಕಂಪ್ಯೂಟರ್ ಬಂದಿತ್ತು. ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ಅಪ್ಪ ತಂದದ್ದು. ಅದರಲ್ಲಿದ್ದದ್ದು ಒಂದೇ ಆಟ. ದೋಣಿಯಲ್ಲಿ ಕೂತು ಬಂಡೆಗಳ ನಡುವೆ ಹುಟ್ಟು ಹಾಕುತ್ತ ಹೋಗಬೇಕು, ಅಷ್ಟೇ.

ಗುರುಗಳ ಬಾಯಲ್ಲಿ ಕಂಪ್ಯೂಟರ್ ಆಟದ ಮಾತು ಕೇಳಿ ಪ್ರಭುಲಿಂಗನಿಗೆ ನಗು ಬಂತು. ಈಗಲೇ ನಕ್ಕುಬಿಡು, ಮುಂದೆ ನಗುವುದಕ್ಕೆ ಏನೂ ಇಲ್ಲ ಎಂದು ಹೇಳಿ ಗುರುಗಳು ಕತೆ ಮುಂದುವರಿಸಿದರು.

ಆ ಕಾಲದ ಕಂಪ್ಯೂಟರಿಗೆ ಸ್ವಂತ ಗಂಟಲಿರಲಿಲ್ಲ. ಅದು ಹಾಡಬೇಕಾದರೆ ಒಳಗೆ ಸೌಂಡ್ ಕಾರ್ಡ್ ಎಂಬುದನ್ನು ಬೇರೆಯಾಗಿ ಸಿಕ್ಕಿಸಬೇಕಿತ್ತು. ಇವರ ಮನೆಯ ಕಾರ್ಡು ಅಗ್ಗದ್ದು. ಹಾಡಿನ ಹಿಂದೆ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು. ಅದೂ ಸಾಲದು ಎಂಬಂತೆ, ದೋಣಿ ನದಿಯ ತಿರುವಿಗೆ ಬಂದಾಗ ಹಾಡಿನ ಒಂದು ಸ್ವರ ಸಿಕ್ಕಿಕೊಂಡು 'ಆಂಯ್' ಎಂದು ಎಳೆಯುತ್ತಲೇ ಇರುತ್ತಿತ್ತು. "ಅಣ್ಣಾ, ಎಮ್ಮೆ ಕೂಗ್ತು!" ಎಂದು ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಣ್ಣನಿಗೆ ಮಾತ್ರ ನಾಚಿಕೆ. ದೊಡ್ಡವನಾದ ಮೇಲೆ ಒಳ್ಳೆಯ ಕಾರ್ಡು ತಂದು ಹಾಕುತ್ತೇನೆ ಎಂದುಕೊಳ್ಳುತ್ತಿದ್ದ.

ದೊಡ್ಡವರಾದರು. ಕಂಪ್ಯೂಟರ್ ಅಟ್ಟ ಸೇರಿತು. ತಮ್ಮನಿಗೆ ಮದುವೆಯಾಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಮೆದುಳಿಗೆ ಏರಿತು. ಜೀವ ಉಳಿಯಿತು, ಗುರುತು ಉಳಿಯಲಿಲ್ಲ. ಹೆಂಡತಿ ಯಾರೆಂದು ತಿಳಿಯದು, ಅಣ್ಣ ಯಾರೆಂದು ತಿಳಿಯದು. ಬಾಯಿಗಿಟ್ಟ ತುತ್ತು ನುಂಗುವುದನ್ನೂ ಮರೆಯುತ್ತಿದ್ದ. ದಿನದಿಂದ ದಿನಕ್ಕೆ ಇಳಿದುಹೋದ. ಹಳೆಯ ಪರಿಚಯದ ಸದ್ದು ಏನಾದರೂ ಇದ್ದರೆ ಕೇಳಿಸಿ ನೋಡಿ, ಎಚ್ಚರ ಮರಳಿದರೆ ಅನ್ನವೂ ಒಳಗೆ ಹೋದೀತು, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದರು.

ಅಣ್ಣನಿಗೆ ಆ ಆಟ ನೆನಪಾಯಿತು. ಅಟ್ಟದಿಂದ ಕಂಪ್ಯೂಟರ್ ಇಳಿಸಿ ಅಂಗಡಿಗೆ ಒಯ್ದು ಬಿಚ್ಚಿದ. ಒಳಗಿನ ಬ್ಯಾಟರಿ ಸೋರಿ, ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನು ತಿಂದುಹಾಕಿತ್ತು. ಆಟದ ಫ್ಲಾಪಿ ಉಳಿದಿತ್ತು, ಸೌಂಡ್ ಕಾರ್ಡು ಉಳಿದಿತ್ತು. ನಗರದ ಗುಜರಿ ಬೀದಿಯನ್ನೆಲ್ಲ ಜಾಲಾಡಿ, ಹಳೆಯ ಕಾರ್ಡು ಕೂರುವಂಥ ಉದ್ದನೆಯ ಸ್ಲಾಟಿರುವ ಬೋರ್ಡು ಹುಡುಕಿ ತಂದ. ಎಲ್ಲ ಜೋಡಿಸಿ ಆನ್ ಮಾಡಿದ. ಹಾಡು ಬಂತು. ಚಟಪಟ ಬಂತು. ತಿರುವಿನಲ್ಲಿ ಎಮ್ಮೆಯೂ ಕೂಗಿತು.

ಅಣ್ಣ ತಟ್ಟನೆ ಸ್ವಿಚ್ ಆರಿಸಿದ. ಬುತ್ತಿ ತಂದಿದ್ದ ತಮ್ಮನ ಹೆಂಡತಿ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಹಾಡ್ತಿದೆಯಲ್ಲ ಭಾವ, ಇವತ್ತೇ ಮನೆಗೆ ತನ್ನಿ. ಅವರಿಗೆ ಕೇಳಿಸೋಣ" ಎಂದಳು.

"ಇದನ್ನಾ? ಇದು ಎಮ್ಮೆ ಕೂಗೋ ಕಾರ್ಡು ಕಣಮ್ಮ. ಇಷ್ಟು ವರ್ಷದ ಮೇಲೆ ನನ್ನ ತಮ್ಮನಿಗೆ ಇಂಥಾ ದರಿದ್ರ ಸದ್ದು ಕೇಳಿಸ್ಲಾ? ಸ್ವಲ್ಪ ತಡಿ, ಒಳ್ಳೇದು ಹಾಕಿ ತರ್ತೀನಿ."

ಅವಳು ಬುತ್ತಿ ಇಟ್ಟು ಹೊರಟಳು. ಇಂಥ ವಿಷಯ ಭಾವನಿಗೆ ಗೊತ್ತಿರುತ್ತದೆ ಎಂದುಕೊಂಡಳು.

ಅಣ್ಣ ಮತ್ತೆ ಗುಜರಿ ಬೀದಿಗೆ ಹೋದ. ಮೊದಲು ತಂದ ಕಾರ್ಡಿನಲ್ಲಿ ಚಟಪಟ ಇರಲಿಲ್ಲ, ಆದರೆ ಹಾಡು ತಗಡು ಬಡಿದಂತಿತ್ತು. ಇನ್ನೊಂದು ಇಂಪಾಗಿ ಹಾಡಿತು, ಆದರೆ ಅದು ಹಾಡತೊಡಗಿದರೆ ಆಟವೇ ನಿಂತುಬಿಡುತ್ತಿತ್ತು. ಕಾರ್ಡಿನ ಪಿನ್ನುಗಳ ಮೇಲೆ ಕೂರುವ ಜಂಪರ್ ಎಂಬ ಪುಟ್ಟ ಟೊಪ್ಪಿಗೆ ಕಿತ್ತು ಇಲ್ಲಿ ಹಾಕಿದ, ಅಲ್ಲಿ ಹಾಕಿದ. ಸರಿಹೋಗಲಿಲ್ಲ. ಹೀಗೆ ದಿನಗಳು ಹೋದವು. ಮನೆಯಲ್ಲಿ ತಮ್ಮ ಗಂಜಿಗೂ ಬಾಯಿ ತೆರೆಯುವುದು ಕಡಿಮೆಯಾಯಿತು. ಅಣ್ಣನ ಪ್ರೀತಿ ಸುಳ್ಳಲ್ಲ. ಅವನೂ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಆದರೆ ಆ ಪ್ರೀತಿಯ ಬಗಲಲ್ಲೇ ಒಂದು ಬಿಗುಮಾನ ಕೂತಿತ್ತು. ಸದ್ದು ರಿಪೇರಿ ಮಾಡುವವನ ಮನೆಯಲ್ಲಿ ಎಮ್ಮೆ ಕೂಗಬಾರದು.

ಕೊನೆಗೆ ಗುಜರಿಯವನೊಬ್ಬ ಪೆಟ್ಟಿಗೆಯ ತಳದಿಂದ ಒಂದು ಕಾರ್ಡು ತೆಗೆದುಕೊಟ್ಟ. ಆ ಕಾಲಕ್ಕೆ ಅದಕ್ಕಿಂತ ಮೇಲಿನದು ಇರಲಿಲ್ಲವಂತೆ. ಅದರ ಮೇಲೆ ಕೂತಿದ್ದ ಕರಿಯ ಬಿಲ್ಲೆಗಳಲ್ಲಿ ಒಂದೇ ಒಂದು ಚಿಪ್ಪು ಸುಟ್ಟುಹೋಗಿತ್ತು. ಅಂಥದೇ ಚಿಪ್ಪು ಮನೆಯ ಹಳೆಯ ಕಾರ್ಡಿನಲ್ಲಿತ್ತು.

ಅಣ್ಣ ಹಿಂದೆಮುಂದೆ ನೋಡಲಿಲ್ಲ. ಸೋಲ್ಡರಿಂಗ್ ಕಡ್ಡಿ ಕಾಯಿಸಿ ಹಳೆಯ ಕಾರ್ಡಿನಿಂದ ಆ ಚಿಪ್ಪು ಕಿತ್ತ. ಅವಸರಕ್ಕೆ ಕಾರ್ಡಿನ ತಾಮ್ರದ ಗೆರೆಗಳೂ ಚಿಪ್ಪಿನ ಜೊತೆಗೇ ಎದ್ದುಬಂದವು. ಇನ್ನು ಅದು ಯಾವತ್ತೂ ಹಾಡುವಂತಿರಲಿಲ್ಲ. ಹೋದರೆ ಹೋಗಲಿ ಎಂದು ಕಸದ ಬುಟ್ಟಿಗೆ ಎಸೆದ.

ಆ ಸಂಜೆ ತಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಅಣ್ಣ ಆಟ ಶುರುಮಾಡಿದ. ಹಾಡು ಹೊರಟಿತು. ಚಟಪಟ ಇಲ್ಲ, ಕೊಂಕಿಲ್ಲ. ತಮ್ಮ ಕಣ್ಣು ತೆರೆದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಹಿಡಿದಳು. ದೋಣಿ ತಿರುವಿಗೆ ಬಂತು. ತಮ್ಮ ತಲೆ ಎತ್ತಿದ, ಕಿವಿಗೊಟ್ಟ. ತುಟಿಯ ಒಂದು ಕೊನೆ ನಗುವುದಕ್ಕೆಂದು ಮೇಲೆದ್ದಿತು. ಅವನು ಕಾದ.

ಸ್ವರ ಸಿಕ್ಕಿಕೊಳ್ಳಲಿಲ್ಲ. ಹಾಡು ನುಣ್ಣಗೆ ತಿರುವು ದಾಟಿ ಮುಂದೆ ಹೋಯಿತು. ತಮ್ಮ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ತುಟಿ ಇಳಿಯಿತು. ಮುಖ ಗೋಡೆಯ ಕಡೆಗೆ ಹೊರಳಿತು.

ಅಣ್ಣ ಮತ್ತೆ ಹಾಕಿದ, ಮತ್ತೆ ಮತ್ತೆ ಹಾಕಿದ. ತಿರುವು ಬಂದಾಗಲೆಲ್ಲ ತಮ್ಮನ ತಲೆ ಏಳುತ್ತಿತ್ತು, ಆದರೆ ಏಳುವುದು ಸಲದಿಂದ ಸಲಕ್ಕೆ ಕಡಿಮೆಯಾಗುತ್ತ ಹೋಯಿತು. ಕೊನೆಗೆ ಏಳಲೇ ಇಲ್ಲ. ಅವನು ಯಾವುದಕ್ಕಾಗಿ ಕಾಯುತ್ತಿದ್ದ ಎಂಬುದು ಅಣ್ಣನಿಗೆ ಹೊಳೆದದ್ದು ಆಗ. ಅಂಗಡಿಗೆ ಓಡಿದ. ಬುಟ್ಟಿಯಿಂದ ಹಳೆಯ ಕಾರ್ಡು ಹೆಕ್ಕಿದ. ಕಿತ್ತುಹೋದ ಗೆರೆಗಳು ಕೂಡಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದು, ತಮ್ಮನ ಕಿವಿಯ ಬಳಿ ಬಾಗಿ, 'ಆಂಯ್' ಎಂದು ತಾನೇ ಕೂಗಲು ಹೋದ. ಕೂಗು ಬರಲಿಲ್ಲ, ಅಳು ಬಂತು. ದಾರಿಯಲ್ಲಿ ಯಾರೋ ಅಳುತ್ತಿದ್ದರೆ ನೋಡುವಂತೆ ತಮ್ಮ ಅವನನ್ನು ನೋಡಿದ.

ಮಾರನೆಯ ದಿನದಿಂದ ಗಂಜಿಯೂ ಇಳಿಯಲಿಲ್ಲ. ಆ ವಾರವೇ ತಮ್ಮ ತೀರಿಕೊಂಡ. ಆ ಕಂಪ್ಯೂಟರ್ ಈಗಲೂ ಅವರ ಮನೆಯಲ್ಲಿದೆ. ಬಲು ಚೆನ್ನಾಗಿ ಹಾಡುತ್ತದೆ. ಆದರೆ ಅದನ್ನು ಯಾರೂ ಆನ್ ಮಾಡುವುದಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪ್ರಭುಲಿಂಗನಿಗೆ ಆ ಅಣ್ಣನ ಮೇಲೆ ಮರುಕವೂ ಬಂತು, ಯಾಕೋ ಸಿಟ್ಟೂ ಬಂತು.

"ಅಣ್ಣನ ತಪ್ಪೇನು ಗುರುಗಳೇ? ತಮ್ಮನಿಗೆ ಒಳ್ಳೆಯದನ್ನೇ ಕೊಡಬೇಕು ಎಂದುಕೊಂಡನಲ್ಲವೇ?" ಎಂದು ಸಿಡುಕಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ನಿನ್ನ ಅಕ್ಕ ಬಾ ಎಂದದ್ದು ಈ ಸಿಡುಕ ತಮ್ಮನಿಗೇ ಅಲ್ಲವೇನಪ್ಪಾ?"