ಕಾಷ್ಠಮೌನದ ಸವಾರಿ

ನದಿಯ ದಂಡೆಯ ಮೇಲೊಂದು ಮಠ. ಆ ಮಠಕ್ಕೆ ಆನೆಯಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಎರಡು ಸೈಕಲ್ಲುಗಳಿದ್ದವು.

ಒಂದು ಗುರುಗಳಾದ ನಿರ್ವಾಣಜ್ಜನವರದು. ಇನ್ನೊಂದು, ದೀಕ್ಷೆ ಬೇಡಿ ಬಂದ ಶಿಷ್ಯನಿಗೆ. ಆ ಸಲ ಅದು ಅಡಿವೆಯ್ಯನ ಪಾಲಿಗೆ ಬಂದಿತ್ತು.

ಮಠದ ಕಟ್ಟಳೆ ಹಳೆಯದು. ದೀಕ್ಷೆ ಬೇಕೆಂಬವನು ಮಠದ ಮೆಟ್ಟಿಲಿನಿಂದ ಹೊರಟು, ಕಣಿವೆಯುದ್ದಕ್ಕೂ ನದಿಯ ಜೊತೆಯಲ್ಲೇ ಸಾಗಿ, ಕೆಳಗಿನ ಸಂಗಮವನ್ನು ಮುಟ್ಟಬೇಕು. ಹಿಂದಿನವರು ನಡೆಯುತ್ತಿದ್ದರು, ನಿರ್ವಾಣಜ್ಜನವರು ಸೈಕಲ್ ತುಳಿಸಿದರು. ದಾರಿಯಲ್ಲಿ ಶಿಷ್ಯನಿಗೆ ಕಾಷ್ಠಮೌನ. ಮಾತು ಕೂಡದು, ಕೈಸನ್ನೆ ಕೂಡದು, ಕಣ್ಸನ್ನೆಯೂ ಕೂಡದು. ಕಟ್ಟಿಗೆಯ ಹಾಗಿರಬೇಕು.

ಅಡಿವೆಯ್ಯನಿಗೆ ಇದು ಎರಡನೆಯ ಸವಾರಿ. ಹಿಂದಿನ ವರ್ಷ ಇಳಿಜಾರಿನಲ್ಲಿ ಬಿದ್ದು "ಅಯ್ಯಯ್ಯೋ" ಎಂದುಬಿಟ್ಟಿದ್ದ. ಗುರುಗಳು ಅವನ ಮೊಣಕಾಲು ತೊಳೆದು, ಅರಿಶಿನ ಹಚ್ಚಿ, ಬೈಯದೆ, ನಗದೆ, ಸೈಕಲ್ಲನ್ನು ಮಠದ ಕಡೆಗೆ ತಿರುಗಿಸಿದ್ದರು.

ಹೊರಡುವ ಮುನ್ನ ಅವನು ಕೇಳಿದ, "ಗುರುಗಳೇ, ಬೆಲ್ ಬಾರಿಸಬಹುದೇ?"

"ದನಕರು ಅಡ್ಡ ಬಂದರೆ ಬಾರಿಸು."

"ಮಾತಾಡಲೇಬೇಕಾದ ಪ್ರಸಂಗ ಬಂದರೆ?"

"ಮಾತಾಡು."

"ವ್ರತ?"

"ಮುರಿಯುತ್ತದೆ."

"ದೀಕ್ಷೆ?"

"ತಪ್ಪುತ್ತದೆ. ಬರುವ ವರ್ಷ ಮತ್ತೆ ತುಳಿ."

ಅಡಿವೆಯ್ಯ ಹಲ್ಲು ಕಚ್ಚಿ ಸೈಕಲ್ ಹತ್ತಿದ.

ಹಳೆಯ ಸೀಮೆ ಅದು. ಹೊಲದ ಬದುಗಳಲ್ಲಿ ವೀರಗಲ್ಲುಗಳು ಕತ್ತಿ ಎತ್ತಿ ನಿಂತಿದ್ದವು. ರೈತರು ಅವಕ್ಕೆ ಎತ್ತು ಕಟ್ಟಿದ್ದರು. ದಿನ್ನೆಗೊಂದು ಛಾವಣಿಯಿಲ್ಲದ ಗುಡಿ, ತಿರುವಿಗೊಂದು ಕುಸಿದ ಕೋಟೆ. ಕೋಟೆ ಕಟ್ಟಿದವರು ಯಾರೆಂದರೆ ಊರಿಗೊಬ್ಬ ರಾಜನ ಹೆಸರು ಹೇಳುತ್ತಿದ್ದರು. ಕೆಡವಿದವರು ಯಾರೆಂದರೆ ಎಲ್ಲ ಊರಿನವರೂ ನದಿಯ ಕಡೆಗೆ ಕೈ ಮಾಡುತ್ತಿದ್ದರು.

ಗುರುಗಳು ಶಿಷ್ಯರೊಡನೆ ಶಾಸ್ತ್ರದ ಕನ್ನಡ ಆಡುತ್ತಿದ್ದರು, ಊರವರೊಡನೆ ಊರ ಕನ್ನಡ. ದಾರಿಯುದ್ದಕ್ಕೂ ಅವರ ಮಾತಿಗೆ ಬಿಡುವಿರಲಿಲ್ಲ. ಒಂದೂರಲ್ಲಿ ಪಂಕ್ಚರ್ ತಿದ್ದುವವನು ಕೇಳಿದ:

"ಅಜ್ಜಾರ, ನಿಮ್ಮ ಶಿಷ್ಯಾ ಮೂಗ ಏನ್ರಿ?"

"ಇಲ್ಲಪಾ, ಸುಮ್ಮನಿರೂದು ಕಲಿಯಾಕ ಹತ್ಯಾನ."

"ಹಂಗಾದ್ರ ನಮ್ಮನಿ ಆಕಿನ್ನೂ ಒಂದಷ್ಟ್ ದಿನ ಕರಕೊಂಡ್ ಹೋಗ್ರಿ!"

"ಆಕಿ ಸುಮ್ಮನಾದ್ರ ನಿನಗ ಬುದ್ಧಿ ಹೇಳಾವ್ರು ಯಾರೋ ತಮ್ಮಾ?"

ಎಲ್ಲರೂ ನಕ್ಕರು. ಅಡಿವೆಯ್ಯ ನಗಲಿಲ್ಲ. ಅವನ ಬಿಗಿದ ತುಟಿಯನ್ನು ಕಂಡು ಒಬ್ಬ ಮುದುಕ ಕೈ ಮುಗಿದ. ಮುಂದಿನ ಊರಲ್ಲಿ ಹೆಂಗಸರು ಕೈ ಮುಗಿದರು. ಮಾತಾಡುವ ಗುರುವಿಗಿಂತ ಮಾತಾಡದ ಶಿಷ್ಯನೇ ಜನರಿಗೆ ದೊಡ್ಡವನಾಗಿ ಕಂಡ. ಅದು ಅಡಿವೆಯ್ಯನಿಗೂ ತಿಳಿಯಿತು. ಹಿತವೆನಿಸಿತು.

ಕೊನೆಯ ದಿನದ ಮುಂಜಾನೆ, ಅವರು ತಂಗಿದ್ದ ಊರಲ್ಲಿ ಡಂಗುರ ಸಾರಿದರು. ಮೇಲೆ ಮಳೆ ಹೆಚ್ಚಾಗಿದೆ, ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ, ಮಧ್ಯಾಹ್ನದೊಳಗೆ ಹೊಳೆ ತುಂಬುತ್ತದೆ, ಯಾರೂ ನೀರಿಗಿಳಿಯಬೇಡಿ. ಗುರು ಕೇಳಿದರು, ಶಿಷ್ಯನೂ ಕೇಳಿದ.

ಊರು ದಾಟುವಷ್ಟರಲ್ಲಿ ಗುರುಗಳ ಸೈಕಲ್ಲಿನ ಚೈನು ತುಂಡಾಯಿತು.

"ನೀನು ಮುಂದೆ ಸಾಗು. ಸಂಗಮದ ಮಂಟಪದಲ್ಲಿ ಕುಳಿತಿರು. ಇದನ್ನು ಜೋಡಿಸಿಕೊಂಡು ಬರುತ್ತೇನೆ."

ಅಡಿವೆಯ್ಯ ಒಬ್ಬನೇ ತುಳಿದ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಸಂಗಮದ ಗುಡಿಯ ಶಿಖರ ಕಂಡಿತು. ಹೊಳೆಯ ಕಡೆಗೆ ದಾರಿ ಇಳಿಯುವಲ್ಲಿ ಗಂಡ ಹೆಂಡತಿ ನಿಂತಿದ್ದರು. ಗಂಡ ಹುಚ್ಚೀರಪ್ಪನ ಕೈಯಲ್ಲಿ ಕುಡುಗೋಲು, ಹೆಗಲ ಮೇಲೆ ಹಗ್ಗ. ಹೆಂಡತಿ ಶಿವಗಂಗವ್ವ ಎಮ್ಮೆಯ ಹಗ್ಗ ಹಿಡಿದಿದ್ದಳು. ಎದುರಿಗೆ, ನದಿಯ ನಡುಗಡ್ಡೆಯಲ್ಲಿ, ಹುಲ್ಲು ಎದೆಯುದ್ದ ಬೆಳೆದಿತ್ತು. ನೀರು ಇನ್ನೂ ಮೊಣಕಾಲ ಮಟ್ಟ.

ಶಿವಗಂಗವ್ವ ಸೈಕಲ್ಲಿಗೆ ಅಡ್ಡ ಬಂದು ನಿಂತಳು.

"ನಿಂದರ್ರಿ ಸ್ವಾಮೇರ. ನೀವು ಮ್ಯಾಲಿಂದ ಬಂದವರು. ನೀರು ಬಿಡ್ತಾರಂತ, ಖರೇ ಏನ್ರಿ? ನಮ್ಮ ಓಣ್ಯಾಗ ಡಂಗುರ ಬಂದಿಲ್ಲ."

ಹುಚ್ಚೀರಪ್ಪ ನಕ್ಕ. "ಈಕಿ ದಿನಾ ಹೊಳಿ ತರಿಸ್ತಾಳ್ರಿ. ಬಂದಿದ್ದೊಂದ್ ನೋಡಿಲ್ಲ."

ಅಡಿವೆಯ್ಯ ಒಂದು ಕಾಲನ್ನು ನೆಲಕ್ಕೂರಿದ. ಒಂದು ಮಾತು ಸಾಕು. ಆ ಒಂದು ಮಾತಿಗೆ ಒಂದು ವರ್ಷ. ಅವನು ಶಿಖರದ ಕಡೆಗೆ ನೋಡಿದ. ಊರೂರಿಗೂ ಸಾರಿರುತ್ತಾರೆ, ಎಂದುಕೊಂಡ. ದಂಡೆಯಲ್ಲೇ ಹುಟ್ಟಿದವರು, ನೀರು ಬಂದರೆ ಅರಿಯುವುದಿಲ್ಲವೇ, ಎಂದುಕೊಂಡ.

ಅವನ ಮೌನವನ್ನು ಕಂಡು ಶಿವಗಂಗವ್ವನ ಮುಖ ಬದಲಾಯಿತು. "ಮೌನದ ಸ್ವಾಮೇರು!" ಎಂದು ಸೆರಗು ಮುಂದೆಳೆದುಕೊಂಡು, ಬಾಗಿ, ಅವನ ಪಾದಕ್ಕೆ ಹಣೆ ಮುಟ್ಟಿಸಿದಳು.

ಅಡಿವೆಯ್ಯನ ಬಲಗೈ ಮೇಲೆದ್ದಿತು. ಅವಳ ತಲೆಯ ಮೇಲೆ ಒಂದು ಗಳಿಗೆ ನಿಂತಿತು.

"ಸ್ವಾಮೇರು ಹರಸಿದ್ರು," ಎಂದು ಅವಳು ಗಂಡನಿಗೆ ಹೇಳಿದಳು. "ನಡಿ ಇನ್ನ, ಏನೂ ಆಗಂಗಿಲ್ಲ. ನಾ ಎಮ್ಮಿ ಕಟ್ಟಿ ಬರ್ತೀನಿ."

ಹುಚ್ಚೀರಪ್ಪ ಧೋತರ ಮೇಲೆ ಕಟ್ಟಿ ನೀರಿಗಿಳಿದ.

ಅಡಿವೆಯ್ಯ ಸೈಕಲ್ ತುಳಿದ. ತುಸು ದೂರದಲ್ಲಿ ಒಂದು ಆಡು ದಾರಿಗೆ ಅಡ್ಡ ಬಂತು. ಬೆಲ್ ಬಾರಿಸಿದ. ಆಡು ಸರಿಯಿತು.

ಅವನು ಸಂಗಮ ಮುಟ್ಟಿ, ಮಿಂದು, ಮಂಟಪದಲ್ಲಿ ಕುಳಿತ ಮೇಲೆ ನದಿಯ ಸದ್ದು ಬದಲಾಯಿತು. ನೋಡನೋಡುತ್ತ ಕೆಳಗಿನ ಮೆಟ್ಟಿಲುಗಳು ಮುಳುಗಿದವು. ನೀರು ಕೆಂಪಗಿತ್ತು.

ಹೊತ್ತು ಇಳಿಯುವಾಗ ಗುರುಗಳು ಬಂದರು. ಅವರ ಕಾವಿ ಎದೆಯವರೆಗೆ ತೊಯ್ದು ಕೆಸರಾಗಿತ್ತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಶಿವಗಂಗವ್ವ ಕುಳಿತಿದ್ದಳು. ಹೊಳೆ ಒಯ್ದದ್ದನ್ನು ಆ ಸೀಮೆಯವರು ಹೊಳೆಯಲ್ಲಿ ಹುಡುಕುವುದಿಲ್ಲ. ಸಂಗಮದ ಮೆಟ್ಟಿಲಿಗೆ ಬಂದು ಕಾಯುತ್ತಾರೆ.

ಅವಳು ಅಡಿವೆಯ್ಯನನ್ನು ಕಂಡಳು. ಮೆಲ್ಲನೆ ಇಳಿದು ಹತ್ತಿರ ಬಂದಳು.

"ಇವರೇ ರೀ ಅಜ್ಜಾರ, ಹರಸಿದವರು."

ಅವನು ತಲೆ ತಗ್ಗಿಸಿದ.

"ನಿಮ್ಮದೇನೂ ತಪ್ಪಿಲ್ರಿ ಸ್ವಾಮೇರ. ನಾ ಏನ್ ಪಾಪ ಮಾಡಿದ್ನೋ, ನಿಮ್ಮ ಆಶೀರ್ವಾದ ನನಗ ಹತ್ತಲಿಲ್ಲ." ಮತ್ತೆ ಬಾಗಿ ಅವನ ಪಾದ ಮುಟ್ಟಿದಳು. ಆಮೇಲೆ ಹೋಗಿ ನೀರಿನಂಚಿನ ಮೆಟ್ಟಿಲ ಮೇಲೆ ಕುಳಿತಳು.

ಗುರುಗಳು ಸೈಕಲ್ಲನ್ನು ಕಂಬಕ್ಕೆ ಒರಗಿಸಿದರು.

"ಸಂಗಮ ಮುಟ್ಟಿದ್ದೀಯೆ. ಈಗ ಮಾತಾಡಬಹುದು."

ಅಡಿವೆಯ್ಯನ ದನಿ ಅವನಿಗೇ ಗುರುತು ಸಿಗಲಿಲ್ಲ. "ಒಂದು ಮಾತೂ ಆಡಲಿಲ್ಲ, ಗುರುಗಳೇ."

"ಡಂಗುರ ಕೇಳಿದ್ದೆಯಾ?"

"ಕೇಳಿದ್ದೆ."

"ನೀರು ಬರುವುದೇ ಎಂದು ಆಕೆ ನಿನ್ನನ್ನು ಕೇಳಿದಳೇ?"

"ಕೇಳಿದಳು. ಮಾತಾಡಿದ್ದರೆ ವ್ರತ ಮುರಿಯುತ್ತಿತ್ತು. ವ್ರತ ಕೊಟ್ಟವರು ನೀವು."

"ಮಾತಾಡಲೇಬೇಕಾದರೆ ಮಾತಾಡು ಎಂದವನೂ ನಾನೇ."

ಅಡಿವೆಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಕೈ ಎತ್ತಿದೆಯಾ?"

ಅವನು ತನ್ನ ಬಲಗೈಯನ್ನು ನೋಡಿಕೊಂಡ.

"ಕೈ ಎತ್ತಿದಾಗಲೇ ಕಾಷ್ಠಮೌನ ಮುರಿಯಿತು, ಅಡಿವೆಯ್ಯ. ಉಳಿಸಿಕೊಳ್ಳಲು ನಿನ್ನ ಬಳಿ ಏನೂ ಇರಲಿಲ್ಲ. ಆ ಮನುಷ್ಯ ಆಗಿನ್ನೂ ದಂಡೆಯ ಮೇಲಿದ್ದ."

ನದಿ ಮೊದಲು ಹುಲ್ಲಿನ ಹೊರೆಯೊಂದನ್ನು ತಂದಿತು. ಕಟ್ಟು ಬಿಗಿಯಾಗಿತ್ತು, ಬಿಚ್ಚಿರಲಿಲ್ಲ. ಆಮೇಲೆ ಹುಚ್ಚೀರಪ್ಪನನ್ನು ತಂದಿತು.

ಅಂಬಿಗರು ಅವನನ್ನು ಎಳೆದು ಮೆಟ್ಟಿಲ ಮೇಲೆ ಮಲಗಿಸಿದರು. ಶಿವಗಂಗವ್ವ ಅಳಲಿಲ್ಲ. ಅವನ ಧೋತರವನ್ನು ಕೆಳಗೆಳೆದು ಕಾಲು ಮುಚ್ಚಿದಳು. ನನ್ನ ಪಾಪ, ನನ್ನ ಪಾಪ ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು.

ಅಡಿವೆಯ್ಯ ಗುರುಗಳ ಕಾಲ ಮೇಲೆ ಬಿದ್ದ.

"ನನಗೆ ದೀಕ್ಷೆ ಬೇಡ, ಗುರುಗಳೇ. ಪ್ರಾಯಶ್ಚಿತ್ತ ಕೊಡಿ. ಸಾಯುವವರೆಗೂ ಈ ಬಾಯಿ ತೆರೆಯುವುದಿಲ್ಲ. ಇಲ್ಲೇ, ಈಗಲೇ ಆಣೆ ಮಾಡುತ್ತೇನೆ."

ಗುರುಗಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಆಕೆ ನಿನ್ನನ್ನು ಒಂದು ಪ್ರಶ್ನೆ ಕೇಳಿದ್ದಾಳೆ. ಹೋಗಿ ಉತ್ತರ ಹೇಳು."