ಪ್ಲಗ್ ಕಿತ್ತರೂ ನಿಲ್ಲದ ಗರಗರ

ತಿಯೊಫಿಲ್ ಮಾಸ್ಟ್ರ ಗಂಟಲು ಅಂಥಿಂಥದ್ದಲ್ಲ. ಪ್ರಾಯದಲ್ಲಿ ಅವರು ಹೊಳೆದಂಡೆಯಲ್ಲಿ ನಿಂತು ಮಂದ್ರಕ್ಕೆ ಇಳಿದರೆ ಆಚೆ ದಡದ ಮರದಿಂದ ತೆಂಗಿನಕಾಯಿ ಉದುರುತ್ತಿತ್ತು. ಅದೂ ಬಲಿತದ್ದು ಮಾತ್ರ, ಎಳನೀರು ಅಲುಗುತ್ತಿರಲಿಲ್ಲ. ಕಿವಿಯೂ ಹಾಗೆಯೇ. ನೀರಿನಡಿ ಮೀನು ಆಕಳಿಸಿದರೆ ಯಾವ ಶ್ರುತಿಯಲ್ಲಿ ಆಕಳಿಸಿತೆಂದು ಹೇಳುತ್ತಿದ್ದರು. ನಂಬದವರು ಮೀನನ್ನೇ ಕೇಳಬಹುದು.

ಆ ಹೊಳೆದಂಡೆಯ ಚರ್ಚಿನಲ್ಲಿ ಆಯುಷ್ಯವೆಲ್ಲ ಆರ್ಗನ್ ನುಡಿಸಿ, ಬೆರಳು ಮರಗಟ್ಟಿದ ಮೇಲೆ ಮಾಸ್ಟ್ರು ತಮ್ಮ ಜಾಗವನ್ನು ಶಿಷ್ಯ ಶದ್ರಕನಿಗೆ ಬಿಟ್ಟುಕೊಟ್ಟಿದ್ದರು.

ಆರ್ಗನ್ ಹಳೆಯದು. ಕೊಳವೆ ಗಿಳವೆ ಇಲ್ಲ, ಎಲ್ಲ ಕರೆಂಟಿನದು. ಮುಂದೆ ಕೀಲಿಮಣೆ, ತಗ್ಗಿನ ಸ್ವರಗಳಿಗೆ ಕಾಲಡಿಗೆ ಮರದ ಪಟ್ಟಿಗಳು. ಧ್ವನಿ ಬರುವುದು ಗೋಡೆಯ ಮೇಲಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯಿಂದ.

ಕಳೆದ ಈಸ್ಟರಿಗೆ ಅದರ ಅರ್ಧ ಕೀಲಿಗಳು ಮೂಕವಾದಾಗ ಬಿಚ್ಚಿ, ಒರೆಸಿ, ಮಾತು ಬರಿಸಿದವನು ಶದ್ರಕ. ಆ ಚರ್ಚಿನಲ್ಲಿ ಬೆಂಚು ಕೊಟ್ಟವರ ಹೆಸರು ಬೆಂಚಿನ ಮೇಲೆ, ಫ್ಯಾನು ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆಯ ಮೇಲೆ. ಹಾಗಾಗಿ ಶದ್ರಕನ ಹೆಸರೂ ಹಿತ್ತಾಳೆಯ ಫಲಕವಾಗಿ ಸ್ಪೀಕರ್ ಪೆಟ್ಟಿಗೆಯ ಹಣೆಯ ಮೇಲೆ ಕೂತಿತು.

ಈಗ ಅದೇ ಆರ್ಗನ್ ಗರಗರ ಎನ್ನುತ್ತಿತ್ತು. ತೀರ ಕೆಳಗಿನ ಸ್ವರಕ್ಕೆ ಕಾಲಿಟ್ಟರೆ ಸಾಕು, ಡಬ್ಬದೊಳಗೆ ಕಣಜದ ಹುಳ ಹೊಕ್ಕ ಹಾಗೆ. ಮೊನ್ನೆ ಹೆಣದ ಪೆಟ್ಟಿಗೆ ಮುಂದಿಟ್ಟುಕೊಂಡು ಅಳುತ್ತಿದ್ದವರೂ ಅಳು ನಿಲ್ಲಿಸಿ ತಲೆಯೆತ್ತಿ ನೋಡಿದ್ದರು.

ಚರ್ಚು ಕಮಿಟಿಯ ಹಿರಿಯ ಸಾಲಿನ್ಸರು ತೀರ್ಪು ಕೊಟ್ಟಾಗಿತ್ತು. ಬರುವ ಭಾನುವಾರವೂ ಗರಗರ ಬಂದರೆ ಆರ್ಗನ್ ಗುಜರಿಗೆ. ಬಟನ್ ಒತ್ತಿದರೆ ತಾನೇ ತಾಳ ಹಾಕುವ ಕೀಬೋರ್ಡು ಬರುತ್ತದೆ, ಅದರ ಮುಂದೆ ಯಾರು ಕೂತರೂ ಆದೀತು.

ಯಾರು ಕೂತರೂ! ಆ ಮಾತು ಶದ್ರಕನ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು.

ಅವನು ಆರ್ಗನ್ನಿನ ಹೊಟ್ಟೆ ಬಗೆದ. ತಂತಿ ಬದಲಿಸಿದ, ಬೆಸುಗೆ ಹೊಸದಾಗಿ ಹಾಕಿದ, ಕಾಲುಪಟ್ಟಿಯಡಿಯ ದೂಳು ಊದಿ ತೆಗೆದ. ಗರಗರ ಜಗ್ಗಲಿಲ್ಲ. ಕರೆಂಟಿನವರಿಗೆ ಬೈದ, ಹೊಳೆಯ ತೇವಕ್ಕೆ ಬೈದ, ಇಲಿಗೆ ಬೈದ. ಇಲಿ ಪಾಪ, ಆ ಬೈಗುಳ ಕೇಳಲಾರದೆ ಸಂಸಾರ ಸಮೇತ ಆಚೆ ದಡಕ್ಕೆ ಈಜಿತು.

ಶನಿವಾರ ಮಧ್ಯಾಹ್ನ ಮಾಸ್ಟ್ರು ಕೋಲೂರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಶದ್ರಕ ಸಾಲಿನ್ಸರಿಂದ ಹಿಡಿದು ಇಲಿಯವರೆಗೆ ಎಲ್ಲರ ಮೇಲಿನ ಸಿಟ್ಟನ್ನೂ ಅವರ ಮುಂದೆ ಕಾರಿಕೊಂಡ. ಕೊನೆಗೆ ಉಳಿದದ್ದು ಆರ್ಗನ್.

"ಕೃತಘ್ನ ಪೆಟ್ಟಿಗೆ, ಮಾಸ್ಟ್ರೇ. ಸತ್ತದ್ದನ್ನು ಎಬ್ಬಿಸಿದ್ದು ನಾನು. ಈಗ ನನಗೇ ಗುರುಗುಟ್ಟುತ್ತದೆ."

"ನುಡಿಸು," ಎಂದರು ಮಾಸ್ಟ್ರು.

ಶದ್ರಕ ಕಾಲಿಟ್ಟ. ಗರ್ರ್.

"ಪುನಃ."

ಪುನಃ ಗರ್ರ್.

"ಮದ್ದು ಹೇಳಿ ಎಂದರೆ ಕಾಯಿಲೆಯನ್ನೇ ಕುಣಿಸುತ್ತೀರಲ್ಲ ಮಾಸ್ಟ್ರೇ."

"ಪ್ಲಗ್ ಕೀಳು."

ಕಿತ್ತ.

"ಈಗ ಗರಗರ ಉಂಟಾ?"

"ಕರೆಂಟೇ ಇಲ್ಲದ ಮೇಲೆ ಎಲ್ಲಿಂದ?" ಮುದುಕನಿಗೆ ಅರಳುಮರಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶದ್ರಕ ನುಂಗಿಕೊಂಡ.

"ಪ್ಲಗ್ಗನ್ನು ಕೈಯಲ್ಲೇ ಹಿಡಿದುಕೋ."

ಮಾಸ್ಟ್ರು ಎದ್ದರು. ಸ್ಪೀಕರ್ ಇದ್ದ ಗೋಡೆಗೆ ಮುಖ ಮಾಡಿದರು. ಉಸಿರು ತುಂಬಿಕೊಂಡು ಅದೇ ಸ್ವರಕ್ಕೆ ಇಳಿದರು. ಬೆಂಚುಗಳು ನಡುಗಿದವು. ಮಾಡಿನ ಸಂದಿಯ ಪಾರಿವಾಳ ಮೊಟ್ಟೆಗಳನ್ನು ಅವುಚಿ ಹಿಡಿಯಿತು. ಹೊಳೆಯಾಚೆ ಒಂದು ಕಾಯಿ ಬಿದ್ದದ್ದು ಶದ್ರಕನಿಗೂ ಕೇಳಿಸಿತು.

ಗರ್ರ್, ಎಂದಿತು ಗೋಡೆ.

ಶದ್ರಕ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದ. ಗೋಡೆಯನ್ನು ನೋಡಿದ.

"ಆರ್ಗನ್ ಬಾಯಿ ಮುಚ್ಚಿ ಮಲಗಿದೆ ಮಾರಾಯ," ಎಂದರು ಮಾಸ್ಟ್ರು. "ಹಾಗಾದರೆ ಹಾಡಿನ ನಡುವೆ ಬಾಯಿ ಹಾಕುವವನು ಯಾರು, ಹೋಗಿ ನೋಡು."

ಶದ್ರಕ ಏಣಿ ತಂದು ಹತ್ತಿದ. ಮಾಸ್ಟ್ರು ಕೆಳಗಿನಿಂದ ಸ್ವರ ಹಿಡಿದರು. ಅವನು ಸ್ಪೀಕರ್ ಪೆಟ್ಟಿಗೆಯ ಮುಂಬದಿಯ ಬಟ್ಟೆಯ ಮೇಲೆ ಅಂಗೈ ಒತ್ತಿದ, ಗರಗರ ನಿಲ್ಲಲಿಲ್ಲ. ಮರದ ಚೌಕಟ್ಟು ಒತ್ತಿದ, ನಿಲ್ಲಲಿಲ್ಲ. ಹಿತ್ತಾಳೆಯ ಫಲಕ ಒತ್ತಿದ.

ನಿಂತಿತು.

ಕೈ ತೆಗೆದ. ಗರ್ರ್.

ಫಲಕಕ್ಕೆ ಮೇಲೆ ಎರಡು ಸ್ಕ್ರೂ ಇದ್ದವು, ಕೆಳಗೆ ಒಂದೂ ಇರಲಿಲ್ಲ. ನಾಲ್ಕೂ ಮೂಲೆಗೆ ಹೊಡೆಯುತ್ತೇನೆಂದು ಫಲಕ ಕೂರಿಸಿದ ಬಡಗಿ ಹೇಳಿದ್ದ. ಆದರೆ ಶದ್ರಕನ ಹೆಸರು, ಅಪ್ಪನ ಹೆಸರು, ಮನೆತನ, ಅದರ ಮೇಲೆ 'ಆರ್ಗನ್ ವಿದ್ವಾನ್' ಎಂಬ ತಾನೇ ಇಟ್ಟುಕೊಂಡ ಬಿರುದು ಎಲ್ಲ ಸೇರಿ ಕೆಳಗಿನ ಅಂಚಿನವರೆಗೂ ಅಕ್ಷರ ತುಂಬಿಕೊಂಡಿತ್ತು. ಸ್ಕ್ರೂ ಹೊಡೆದರೆ ಅಕ್ಷರ ಕೆಡುತ್ತದೆಂದು ತಡೆದವನು ಶದ್ರಕನೇ.

ಅವನ ಮುಖ ಕೆಂಪಾಯಿತು. ಸಿಟ್ಟು ಕೂರಲು ಇನ್ನೊಂದು ಜಾಗ ಹುಡುಕಿತು.

"ಬಡಗಿಯದ್ದೇ ತಪ್ಪು, ಮಾಸ್ಟ್ರೇ. ನಾನು ಬೇಡವೆಂದರೇನಾಯಿತು, ಕೆಲಸ ಗೊತ್ತಿದ್ದವನು ಹೊಡೆಯಬೇಕಿತ್ತು."

ಮಾಸ್ಟ್ರು ಕೋಲನ್ನು ಬೆಂಚಿಗೆ ಒರಗಿಸಿ ಏಣಿಯ ಬುಡಕ್ಕೆ ಬಂದರು.

"ಇರಲಿ," ಎಂದ ಶದ್ರಕ. "ಕೆಳಗೆ ಎರಡು ಸ್ಕ್ರೂ ಹೊಡೆದುಬಿಡುತ್ತೇನೆ. ನಾಳೆ ಆ ಸಾಲಿನ್ಸರು ಹೇಗೆ ಬಾಯಿ ತೆರೆಯುತ್ತಾರೋ ನೋಡುವ."

ಮಾಸ್ಟ್ರು ಶದ್ರಕನ ಸಲಕರಣೆ ಡಬ್ಬಿಯಿಂದ ಎರಡು ಸ್ಕ್ರೂ ಹೆಕ್ಕಿ, ಅಂಗೈಯಲ್ಲಿಟ್ಟು ಮೇಲಕ್ಕೆ ಚಾಚಿದರು.

"ಹೊಡಿ. ಯಾವ ಅಕ್ಷರದ ಮೇಲೆ ಹೊಡೆಯುತ್ತೀ?"