ಕಾಫಿ ಮೆಷಿನ್ನಿನೊಳಗೆ ಉಳಿದ ಹಬೆ

ಬಸದಿ ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ನೇಮಿರಾಜಯ್ಯ ಎಂಬುವರು ಒಬ್ಬರೇ ಇದ್ದರು. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡಿ ಹೇಳುವುದು ಅವರ ಕೆಲಸವಾಗಿತ್ತು. ಈಗ ನಿವೃತ್ತರು. ಮಕ್ಕಳಿರಲಿಲ್ಲ. ಹೆಂಡತಿ ತ್ರಿಶಲಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತಾಡುವವರೇ ಇಲ್ಲವಾದರು.

ಬೆಳಿಗ್ಗೆ ಸ್ನಾನ ಮಾಡಿ ಬಸದಿಗೆ ಹೋಗಿ ಬರುವರು. ಅಲ್ಲಿ ಯಾರಾದರೂ "ಜೈ ಜಿನೇಂದ್ರ" ಅಂದರೆ ಇವರೂ "ಜೈ ಜಿನೇಂದ್ರ" ಅನ್ನುವರು. ಮತ್ತೆ ಮರುದಿನ ಬಸದಿಗೆ ಹೋಗುವ ತನಕ ಅವರಿಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಲಿನವನು ಕೂಡ ಪ್ಯಾಕೆಟ್ಟನ್ನು ಬಾಗಿಲಿಗೆ ತೂಗುಹಾಕಿದ ಚೀಲಕ್ಕೆ ಹಾಕಿ ಸದ್ದಿಲ್ಲದೆ ಹೋಗುತ್ತಿದ್ದ.

ಮೊದಲು ಹೀಗಿರಲಿಲ್ಲ. ಅವರ ಅಕ್ಕ ಮರುದೇವಮ್ಮ ಅದೇ ಬೀದಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ತ್ರಿಶಲಮ್ಮ ಹೋದ ಮೇಲೆ ದಿನಾ ಬೆಳಿಗ್ಗೆ ತಮ್ಮನ ಮನೆಗೆ ಬಂದು ತಿಂಡಿ ಮಾಡಿಕೊಡುತ್ತಿದ್ದರು. ಡಬ್ಬಿಗಳನ್ನು ಒರೆಸುವರು, ತರಕಾರಿ ಬಾಡಿದ್ದರೆ ಬೈಯುವರು. ಒಂದು ದಿನ ತ್ರಿಶಲಮ್ಮನ ಹಳೆಯ ಕಾಫಿ ಫಿಲ್ಟರನ್ನು ತೆಗೆದು ಅಟ್ಟದ ಮೇಲಿಟ್ಟುಬಿಟ್ಟರು. ಅದನ್ನು ಕಂಡು ನೇಮಿರಾಜಯ್ಯನವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಕ್ಕನನ್ನು ಕರೆಯಲು ಸೊಸೆ ಬಂದು ಬಾಗಿಲಲ್ಲೇ ನಿಂತಿದ್ದಳು. ಅವಳ ಎದುರಿಗೇ ಕೂಗಾಡಿದರು.

"ನಿನಗೆ ಕಂಡವರ ಅಡುಗೆಮನೆ ಬಿಟ್ಟರೆ ಬೇರೆ ಕೆಲಸ ಇಲ್ವಾ? ನನ್ನ ಮೇಲೆ ಕನಿಕರ ತೋರಿಸಿದ್ದು ಸಾಕು. ನಾಳೆಯಿಂದ ಬರಬೇಡ."

ಮರುದೇವಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದರು. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಆ ಮೌನ ತಾಳಲಾರದೆ ನೇಮಿರಾಜಯ್ಯ ಒಂದು ಎಸ್‌ಪ್ರೆಸೊ ಮೆಷಿನ್ ತರಿಸಿದರು. ಹೋಟೆಲುಗಳಲ್ಲಿ ಇರುವಂಥದ್ದೇ, ಮನೆಗೆ ತಕ್ಕ ಗಾತ್ರದ್ದು. ಒಳಗೆ ನೀರು ಕಾಯುವ ಬಾಯ್ಲರ್. ಮುಂದೆ ಹಿತ್ತಾಳೆಯ ತಲೆ. ಆ ತಲೆಯಿಂದ ಬಿಸಿನೀರು ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿ ಗಟ್ಟಿ ಕಾಫಿಯಾಗಿ ಇಳಿಯುತ್ತದೆ. ಬೆಳಿಗ್ಗೆ ಅದರ ಪಂಪು ಗುರ್ ಅಂದರೆ ಮನೆಯಲ್ಲಿ ಯಾರೋ ಎದ್ದು ಓಡಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಸದ್ದಿಗಾಗಿಯೇ ಅವರು ಒಮ್ಮೊಮ್ಮೆ ಬೇಡದಿದ್ದರೂ ಕಾಫಿ ಮಾಡುವರು.

ಆದರೆ ಕಾಫಿ ಕಹಿಯಾಗುತ್ತಿತ್ತು. ನೀರು ಒಮ್ಮೆಲೇ ಪೂರ್ತಿ ರಭಸದಿಂದ ಪುಡಿಯ ಮೇಲೆ ಬೀಳುತ್ತಿದೆ, ಅದಕ್ಕೇ ಹೀಗೆ ಎಂದು ಅವರ ನಾಲಿಗೆಗೆ ತಿಳಿಯಿತು. ನೀರಿನ ಹರಿವನ್ನು ಹಿಡಿತದಲ್ಲಿಡುವ ಒಂದು ಚಿಕ್ಕ ಸಾಧನ ಸಿಗುತ್ತದೆ. ಫ್ಲೋ ಕಂಟ್ರೋಲ್ ಅನ್ನುತ್ತಾರೆ. ಮೆಷಿನ್ನಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿ ಆ ಜಾಗಕ್ಕೆ ಇದನ್ನು ಕೂರಿಸಬೇಕು. ಆಮೇಲೆ ಅದರ ಹಿಡಿ ತಿರುಗಿಸಿದರೆ ನೀರು ಮೊದಲು ಮೆಲ್ಲಗೆ ಇಳಿದು ಪುಡಿಯನ್ನು ನೆನೆಸುತ್ತದೆ, ಅನಂತರ ಒತ್ತುತ್ತದೆ. ನೇಮಿರಾಜಯ್ಯ ಅದನ್ನು ತರಿಸಿದರು. ಅಂಗಡಿಯವರು ಫೋನಿನಲ್ಲಿ ಹೇಗೆ ಕೂರಿಸಬೇಕೆಂದು ವಿವರವಾಗಿ ಹೇಳಿದರು. ಇವರು "ಗೊತ್ತು, ಗೊತ್ತು" ಎಂದು ಅರ್ಧಕ್ಕೇ ಫೋನ್ ಇಟ್ಟರು.

ಅದು ಭಾದ್ರಪದ ಮಾಸ. ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಎಷ್ಟು ಪವಿತ್ರವಾದ ದಿನ ಅದು! ಅಂದು ಶ್ರಾವಕರೆಲ್ಲ ಬಸದಿಯಲ್ಲಿ ಸೇರಿ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಜೀವಗಳ ನಡುವೆ ವೈರ ಉಳಿಯಬಾರದೆಂದು ಹಿರಿಯರು ಕರುಣೆಯಿಂದ ಹಾಕಿಕೊಟ್ಟ ಪದ್ಧತಿ.

ಸಾಲಿನಲ್ಲಿ ಅಕ್ಕ ಎದುರಾದರು. ನೇಮಿರಾಜಯ್ಯ ಕೈಮುಗಿದು "ಉತ್ತಮ ಕ್ಷಮಾ" ಅಂದರು. ಅಕ್ಕನೂ ಕೈಮುಗಿದು ಅದನ್ನೇ ಅಂದರು. ಸಾಲು ಮುಂದೆ ಸರಿಯಿತು. 'ಸರಿ, ಮುಗಿಯಿತು. ನಾಳೆ ಬರುತ್ತಾಳೆ' ಎಂದುಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಎರಡು ಸಲ ಬಾಗಿಲು ತೆರೆದು ನೋಡಿದರು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮಧ್ಯಾಹ್ನದ ತನಕ ಕಾಫಿಯ ಮೇಲೆ ಕಾಫಿ ಕುಡಿದರು. ಎಲ್ಲವೂ ಕಹಿ. ಕೊನೆಗೆ ಬೇಸರ ಕಳೆಯಲೆಂದು ಫ್ಲೋ ಕಂಟ್ರೋಲ್ ಕೂರಿಸಲು ಹೊರಟರು.

ಮೆಷಿನ್ನಿನ ಸ್ವಿಚ್ ಆರಿಸಿದರು. ಮುಂಭಾಗದಲ್ಲಿ ಎರಡು ಮೀಟರುಗಳಿದ್ದವು. ಪಂಪಿನ ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು. ಪಕ್ಕದಲ್ಲಿದ್ದ ಬಾಯ್ಲರಿನ ಮೀಟರನ್ನು ಅವರು ನೋಡಲೇ ಇಲ್ಲ. ಸ್ಪ್ಯಾನರನ್ನು ಹಿತ್ತಾಳೆ ಮುಚ್ಚಳಕ್ಕೆ ಸಿಕ್ಕಿಸಿ, ಕಣ್ಣು ಮಂಜಾದ್ದರಿಂದ ಮುಖವನ್ನು ಅದರ ಮೇಲೆಯೇ ಬಗ್ಗಿಸಿ ನಿಂತರು.

ಆಗ ಬಾಗಿಲಲ್ಲಿ ಸದ್ದಾಯಿತು.

ಮರುದೇವಮ್ಮ ನಿಂತಿದ್ದರು. ಕೈಯಲ್ಲಿ ಒಂದು ಕೊಡೆ.

"ನಿನ್ನ ಕೊಡೆ. ನಿನ್ನೆ ನೀನು ಬಸದಿಯಲ್ಲಿ ಬಿಟ್ಟು ಬಂದಿದ್ದೆ. ಇಲ್ಲಿಡ್ತೀನಿ. ಬರ್ತೀನಿ," ಅಂದರು. ಹೊಸ್ತಿಲು ದಾಟಲಿಲ್ಲ.

ನೇಮಿರಾಜಯ್ಯ ಅಕ್ಕನ ಮುಖ ನೋಡಲಾರದೆ ಸ್ಪ್ಯಾನರಿಗೇ ಬಲ ಹಾಕತೊಡಗಿದರು.

"ಇದೇನೋ ಇದು, ಅಡುಗೆಮನೇಲಿ ರೈಲು ಇಂಜಿನ್ನು?"

"ಕಾಫಿ ಮೆಷಿನ್."

"ಮೈಯೆಲ್ಲಾ ಬಿಸಿ ಕಾರ್ತಿರೋ ಹಾಗಿದೆಯಲ್ಲೋ. ಇಲ್ಲಿವರೆಗೂ ಝಳ ಬರ್ತಿದೆ."

"ಸ್ವಿಚ್ ಆರಿಸಿದೀನಿ ಕಣಕ್ಕ."

"ಆರಿಸಿದರೆ? ಗ್ಯಾಸ್ ಆರಿಸಿದ ತಕ್ಷಣ ಕುಕ್ಕರ್ ಮುಚ್ಚಳ ತೆಗೀತೀಯಾ ನೀನು? ಅದೂ ಮೂತಿ ಅದರ ಮೇಲಿಟ್ಕೊಂಡು?"

ನೇಮಿರಾಜಯ್ಯನವರ ನಾಲಿಗೆಯ ತುದಿಗೆ ಒಂದು ಮಾತು ಬಂತು. 'ನನ್ನ ಅಡುಗೆಮನೆ ವಿಷಯ ನಿನಗ್ಯಾಕೆ?' ಅದೇ ಹಳೆಯ ಮಾತು. ಅದನ್ನು ಅಂದಿದ್ದರೆ ಅಕ್ಕ ಅಲ್ಲಿಂದಲೇ ಮೆಟ್ಟಿಲಿಳಿದು ಹೋಗುತ್ತಿದ್ದರು. ಭಗವಂತನ ದಯೆ, ಆ ಮಾತು ಹೊರಗೆ ಬರಲಿಲ್ಲ. ಅವರು ಸ್ಪ್ಯಾನರನ್ನು ಕೆಳಗಿಟ್ಟರು.

ಬಾಯ್ಲರಿನ ಮೀಟರನ್ನು ಆಗ ನೋಡಿದರು. ಮುಳ್ಳು ಇನ್ನೂ ಮೇಲೇ ಇತ್ತು.

ಮೊದಲು ಪ್ಲಗ್ ಕಿತ್ತರು. ಆಮೇಲೆ ಪಕ್ಕಕ್ಕೆ ಸರಿದು, ಹಾಲು ಕಾಯಿಸುವ ಹಬೆಯ ನಳಿಗೆಯನ್ನು ಸಿಂಕಿನ ಕಡೆ ತಿರುಗಿಸಿ ಮೆಲ್ಲಗೆ ಬಿಟ್ಟರು. ಬುಸ್ಸೆಂದು ಹಬೆ ನುಗ್ಗಿತು. ಕಿಟಕಿಯ ಗಾಜೆಲ್ಲ ಬೆಳ್ಳಗಾಯಿತು. ನಿಲ್ಲುವ ಲಕ್ಷಣವೇ ಇರಲಿಲ್ಲ. ಮುಚ್ಚಳ ಬಿಚ್ಚಿದ್ದರೆ ಅಷ್ಟೂ ಹಬೆ ತಮ್ಮ ಮುಖಕ್ಕೆ ಬಡಿಯುತ್ತಿತ್ತು ಎಂದು ಅವರಿಗೆ ಆಗ ತಿಳಿಯಿತು.

"ಅಮ್ಮಾ!" ಅಂದರು ಮರುದೇವಮ್ಮ. ಯಾವಾಗ ಒಳಗೆ ಬಂದಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಹಬೆ ನಿಂತ ಮೇಲೂ ಹಿತ್ತಾಳೆ ಸುಡುತ್ತಿತ್ತು. ಪೂರ್ತಿ ತಣ್ಣಗಾಗುವ ತನಕ ಕಾಯದೆ ಬೇರೆ ದಾರಿಯಿರಲಿಲ್ಲ. ನೇಮಿರಾಜಯ್ಯ ಒಂದು ಕುರ್ಚಿ ಎಳೆದು ಅಕ್ಕನಿಗೆ ಹಾಕಿದರು. ತಾವು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

ಮೆಷಿನ್ ಆಗಾಗ ಟಿಕ್ ಟಿಕ್ ಎಂದು ಒಳಗೊಳಗೇ ಸದ್ದು ಮಾಡುತ್ತಿತ್ತು. ಕೊನೆಗೆ ನೇಮಿರಾಜಯ್ಯ ಮೆಲ್ಲಗೆ ಕೇಳಿದರು.

"ನಿನ್ನೆ ಬಸದೀಲಿ ಕ್ಷಮೆ ಕೇಳಿದೆನಲ್ಲಕ್ಕ. ಬೆಳಿಗ್ಗೆ ಬರ್ತೀಯ ಅಂದ್ಕೊಂಡಿದ್ದೆ."

"ಕೇಳಿದೆ ನೀನು. ನನ್ನ ಹಿಂದಿದ್ದ ಪಾಯಪ್ಪನ ಹತ್ತಿರಾನೂ ಕೇಳಿದೆ. ಅವನ ಹಿಂದಿದ್ದ ಮಗೂಗೂ ಕೈ ಮುಗಿದೆ. ನನ್ನ ಹತ್ತಿರ ಯಾವುದಕ್ಕೆ ಕೇಳಿದೆ ಅಂತ ನೀನು ಹೇಳಲಿಲ್ಲ."

ನೇಮಿರಾಜಯ್ಯ ತಲೆ ತಗ್ಗಿಸಿದರು.

"ನೀನೂ 'ಉತ್ತಮ ಕ್ಷಮಾ' ಅಂದೆಯಲ್ಲಕ್ಕ."

"ಬಾಯಲ್ಲಿ ಅಂದೆ. ಮನೆಗೆ ಹೋಗಿ ನೋಡಿಕೊಂಡರೆ ಒಳಗೆ ಹಾಗೇ ಇತ್ತು. ಭಗವಂತನ ಎದುರಿಗೆ ಸುಳ್ಳು ಹೇಳಿಬಿಟ್ಟೆನಲ್ಲ ಅಂತ ಸಂಕಟ ಆಯ್ತು. ಕೊಡೆಯೊಂದು ನೆಪ ಕಣೋ."

ಮರುದೇವಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದರು.

"ಕನಿಕರ ಅಂದೆಯಲ್ಲ ಅವತ್ತು. ಯಾರಿಗೋ ಕನಿಕರ? ನಮ್ಮನೇಲಿ ಅಡುಗೆಮನೆ ಸೊಸೇದು. ಒಳ್ಳೇ ಹುಡುಗಿ, ತಪ್ಪು ಹೇಳಲ್ಲ. ಆದರೆ ನಾನು ಒಂದು ಸೌಟು ಮುಟ್ಟಿದರೂ 'ನೀವು ಕೂತ್ಕೊಳ್ಳಿ ಅತ್ತೆ' ಅಂತಾಳೆ. ಕೂತು ಕೂತು ನಾನೇನು ಮಾಡಲಿ? ಇಲ್ಲಿ ಒಂದು ಹೊತ್ತು ಕೈಯಾಡಿಸೋಕೆ ನನಗೊಂದು ಜಾಗ ಇತ್ತು. ನಿನ್ನ ಒಲೆ ಹತ್ತಿರ ನಿಂತಾಗ ನಾನೂ ಇನ್ನೂ ಯಾರಿಗೋ ಬೇಕು ಅನ್ನಿಸ್ತಿತ್ತು. ಅದನ್ನೂ ನೀನು ಅವಳ ಎದುರಿಗೇ ಕಿತ್ಕೊಂಡೆ."

ನೇಮಿರಾಜಯ್ಯ ಇದನ್ನು ಯೋಚಿಸಿಯೇ ಇರಲಿಲ್ಲ. ಒಂಟಿತನ ತಮ್ಮ ಮಹಡಿಯಲ್ಲಿ ಮಾತ್ರ ಇದೆ ಎಂದುಕೊಂಡಿದ್ದರು. ತುಂಬಿದ ಮನೆಯಲ್ಲೂ ಅದು ಒಂದು ಮೂಲೆ ಹಿಡಿದು ಕೂತಿತ್ತು.

ಅವರು ಅಡ್ಡ ಮಾತಾಡಲಿಲ್ಲ. ಅಕ್ಕ ಹೇಳುವುದನ್ನೆಲ್ಲ ಹೇಳಿ ಮುಗಿಸಲು ಬಿಟ್ಟರು. ಅಮ್ಮನ ಕಾಲದ ಹಳೆಯ ನೋವುಗಳೂ ಒಂದೆರಡು ಬಂದವು. ಅವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು ಬಂದು ಅಕ್ಕನ ಎದುರಿಗೆ ಕೈಮುಗಿದರು.

"ನಿನ್ನ ಸೊಸೆ ಎದುರಿಗೆ ನಿನ್ನನ್ನು ಅವಮಾನ ಮಾಡಿದೆ. ಬರಬೇಡ ಅಂದೆ. ನನ್ನ ದುಃಖವನ್ನು ನಿನ್ನ ಮೇಲೆ ಕಾರಿಕೊಂಡೆ. ಇದಕ್ಕೆ ಕ್ಷಮಿಸಕ್ಕ."

"ಫಿಲ್ಟರ್ ಎತ್ತಿಟ್ಟಿದ್ದು ನನ್ನದೂ ತಪ್ಪೇ," ಅಂದರು ಮರುದೇವಮ್ಮ. "ಅದನ್ನು ನೋಡಿದಾಗೆಲ್ಲ ನೀನು ಅಳ್ತಿದ್ದೆ. ಅದಕ್ಕೇ ಎತ್ತಿಟ್ಟೆ. ಕೇಳಿ ಇಡಬೇಕಿತ್ತು. ಕ್ಷಮಿಸು."

ಈಗ ಹಿತ್ತಾಳೆಯನ್ನು ಮುಟ್ಟಿದರೆ ತಣ್ಣಗಿತ್ತು. ಸ್ಪ್ಯಾನರಿಗೆ ಮುಚ್ಚಳ ಸುಮ್ಮನೆ ಬಂತು. ಮರುದೇವಮ್ಮ ಟಾರ್ಚ್ ಹಿಡಿದರು. ನೇಮಿರಾಜಯ್ಯ ಹಳೆಯ ರಬ್ಬರ್ ಉಂಗುರ ತೆಗೆದು ಜಾಗ ಒರೆಸಿದರು. ಹೊಸ ಉಂಗುರಕ್ಕೆ ಸಾಧನದ ಜೊತೆ ಬಂದಿದ್ದ ಜಿಡ್ಡನ್ನು ತೆಳ್ಳಗೆ ಸವರಿದರು; ಅದು ನೀರಿಗೆ ಸೋಕಿದರೂ ಹೊಟ್ಟೆಗೆ ಕೆಡುಕಿಲ್ಲದ ಜಿಡ್ಡು. ಸಾಧನವನ್ನು ಮೊದಲು ಬರಿಗೈಯಲ್ಲೇ ತಿರುಗಿಸಿ ಕೂರಿಸಿ, ಅನಂತರ ಸ್ಪ್ಯಾನರಿನಿಂದ ಬಿಗಿ ಮಾಡಿದರು.

"ಸಾಕು ಬಿಡೋ, ಅದರ ಕತ್ತು ಹಿಸುಕ್ತೀಯ!" ಅಂದರು ಅಕ್ಕ. ನೇಮಿರಾಜಯ್ಯ ನಕ್ಕರು. ನಕ್ಕ ಸದ್ದು ಅವರಿಗೇ ಹೊಸದಾಗಿ ಕೇಳಿಸಿತು.

ಬಟ್ಟೆಯಲ್ಲಿ ಸೋಸಿದ ನೀರು ತುಂಬಿ, ಫ್ಲೋ ಕಂಟ್ರೋಲಿನ ಹಿಡಿಯನ್ನು ಪೂರ್ತಿ ತೆರೆದು, ಪುಡಿ ಹಾಕದೆ ಮೆಷಿನ್ ಚಾಲೂ ಮಾಡಿದರು. ಅದು ಕಾದ ಮೇಲೆ ನೀರು ಇಳಿಸಿ ನೋಡಿದರು. ಸಾಧನ ಕೂರಿಸಿದ ಜಾಗದಲ್ಲಿ ಒಂದು ಹನಿ ಕಾಣಿಸಿಕೊಂಡಿತು. ನೇಮಿರಾಜಯ್ಯನವರ ಕೈ ಥಟ್ಟನೆ ಸ್ಪ್ಯಾನರಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಪ್ಲಗ್ ಕಿತ್ತರು, ಹಬೆ ಬಿಟ್ಟರು, ಮತ್ತೆ ಗೋಡೆಗೆ ಒರಗಿ ಕೂತರು. ತಣ್ಣಗಾದ ಮೇಲೆ ಇನ್ನೊಂದಿಷ್ಟು ಬಿಗಿ ಮಾಡಿ ನೋಡಿದರೆ ಹನಿ ನಿಂತಿತ್ತು.

ಅಷ್ಟರಲ್ಲಿ ಕಿಟಕಿಯಾಚೆ ಸೂರ್ಯ ಮುಳುಗಿದ್ದ. ಜೈನರ ನಿಯಮದಂತೆ, ಮುಳುಗಿದ ಮೇಲೆ ಅವರಿಬ್ಬರೂ ಏನನ್ನೂ ಬಾಯಿಗೆ ಹಾಕುವವರಲ್ಲ.

"ಇಷ್ಟು ಹೊತ್ತು ಕಾದು ಒಂದು ಗುಟುಕು ಕಾಫಿ ಕೂಡ ನಿನಗೆ ಕೊಡಲಾಗಲಿಲ್ಲ," ಅಂದರು ನೇಮಿರಾಜಯ್ಯ. "ಬೆಳಿಗ್ಗೆ ಬಾ ಅಕ್ಕ."

"ಉಪಚಾರಕ್ಕೆ ಕರೀತಿದ್ದೀಯೋ?"

"ಇಲ್ಲ. ನೀನು ಬರಬೇಕು. ಈ ಮನೇಲಿ ನನಗೆ ಹೆದರಿಕೆ ಆಗತ್ತೆ."

ಮರುದೇವಮ್ಮ ತಮ್ಮನನ್ನೇ ನೋಡಿದರು. ಆಮೇಲೆ ಸಿಂಕಿನ ಕಡೆ ತಿರುಗಿ ದನಿ ಏರಿಸಿದರು. "ಹಾಗಾದರೆ ಮೊದಲು ಆ ನೀರು ಸೋಸೋ ಬಟ್ಟೆ ಒಗೆದು ಹಾಕು. ಬಣ್ಣ ನೋಡು ಅದರದ್ದು! ಅದರಲ್ಲಿ ಸೋಸಿದ ನೀರಿನ ಕಾಫಿ ನಾನು ಕುಡಿಯಲ್ಲ."

ಅವರು ಮೆಟ್ಟಿಲಿಳಿದು ಹೋದರು. ಮನೆ ಮತ್ತೆ ನಿಶ್ಶಬ್ದವಾಯಿತು. ನೇಮಿರಾಜಯ್ಯ ದೀಪ ಹಾಕಿ, ಭಗವಂತನನ್ನು ನೆನೆದು, ಆ ಬಟ್ಟೆಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ಒಗೆದರು. ಹಿಂಡಿ, ಕೊಡವಿ, ಬೆಳಗಾಗುವುದರೊಳಗೆ ಒಣಗಲೆಂದು ಫ್ಯಾನಿನ ಕೆಳಗೆ ಹರವಿದರು.

ನೀತಿ: ಸ್ವಿಚ್ ಆರಿಸಿದ ಮಾತ್ರಕ್ಕೆ ಒಳಗಿನ ಹಬೆ ಹೋಗುವುದಿಲ್ಲ. ಕ್ಷಮೆ ಎಂದು ಬಾಯಲ್ಲಿ ಅಂದ ಮಾತ್ರಕ್ಕೆ ಮನಸ್ಸಿನ ನೋವೂ ಹೋಗುವುದಿಲ್ಲ. ಮಾಡಿದ ತಪ್ಪನ್ನು ಹೆಸರು ಹಿಡಿದು ಹೇಳಬೇಕು, ಎದುರಿನವರ ಒಳಗಿರುವುದೆಲ್ಲ ಹೊರಬರುವ ತನಕ ಪಕ್ಕದಲ್ಲಿ ಕೂತು ಕಾಯಬೇಕು. ಹಾಗೆ ಕಾಯುವ ತಾಳ್ಮೆಯನ್ನು ಭಗವಂತ ನಮಗೆಲ್ಲರಿಗೂ ಕೊಡಲಿ.